ಡಾಜ್ ಕಾಕಾ

ನಾಳೆ ಗಾಡಿ ಹೊರಬೀಳುತ್ತದೆ ಎಂಬುದು ಇವತ್ತು ಸಂಜೆಗೇ ಓಣಿಗೆಲ್ಲ ಗೊತ್ತಾಗುತ್ತದೆ. ಕೊಟ್ಟಿಗೆ ಪಕ್ಕದ ತಗಡಿನ ಶೆಡ್ಡಿನ ಬಾಗಿಲು ತೆರೆದಿರುತ್ತದೆ, ಗಾಡಿಯ ಹೊಟ್ಟೆಯ ಕೆಳಗಿಂದ ಎರಡು ಕಾಲು ಹೊರಗೆ ಚಾಚಿರುತ್ತವೆ. ನಾವೆಲ್ಲ ಆ ಕಾಲಿನ ಜೊತೆಗೇ ಮಾತಾಡಿ ಬೆಳೆದವರು. "ಕಾಕಾ, ಚಹಾ ಆಗೇತಂತ ರೀ" ಎಂದರೆ ಬಲಗಾಲಿನ ಹೆಬ್ಬೆರಳು ಅಲ್ಲಾಡುತ್ತದೆ. ಇಲ್ಲೇ ತಾ ಎಂದು ಅರ್ಥ.

ಹಳೇ ಗಾಡಿ ಸಾಕಿಕೊಂಡ ಇಂಥವರು ನಾಲ್ಕು ಊರಿಗೊಬ್ಬರಾದರೂ ಇರುತ್ತಾರೆ. ಕೆಲವರದು ವಿಲ್ಲೀಸ್ ಜೀಪು, ಕೆಲವರದು ಷೆವರ್ಲೆ. ನಮ್ಮ ದೇವಣಗಾಂವದ ಕಾಕಾನದು 1954ರ ಡಾಜ್ ಕಿಂಗ್ಸ್‌ವೇ. ತಳಿ ಅಮೆರಿಕದ್ದು, ಕೂಡಿಸಿದ್ದು ಮುಂಬೈಯ ಪ್ರೀಮಿಯರ್ ಕಂಪನಿ. "ಪರದೇಶದ ಗಾಡಿ" ಎಂದು ಯಾರಾದರೂ ಅಂದರೆ ಕಾಕಾಗೆ ಸಿಟ್ಟು. ನಮ್ಮ ಜಿಲ್ಲೆ ಆಗ ಮುಂಬೈ ರಾಜ್ಯದಲ್ಲೇ ಇತ್ತಲ್ಲ! ಅವರಪ್ಪ ಗಾಡಿ ತಂದು ಎರಡು ವರ್ಷಕ್ಕೆ, 1956ರ ನವೆಂಬರ್ 1ರಂದು, ನಾವು ಮೈಸೂರು ರಾಜ್ಯಕ್ಕೆ ಬಂದೆವು. ಹೀಗಾಗಿ ಈ ಗಾಡಿ ನಮ್ಮ ರಾಜ್ಯಕ್ಕಿಂತ ಎರಡು ವರ್ಷ ಹಿರಿದು. ಹಿರಿಯರನ್ನು ಅವಸರ ಮಾಡಬಾರದು ಎಂಬುದು ಕಾಕಾನ ವಾದ. ಗಂಟೆಗೆ 40 ಕಿಲೋಮೀಟರ್ ದಾಟುವುದಿಲ್ಲ.

ದಾಟದಿರಲು ಇನ್ನೊಂದು ಕಾರಣವೂ ಇದೆ. ಬ್ರೇಕು.

ಈಗಿನ ಕಾರುಗಳಲ್ಲಿ ಬ್ರೇಕ್ ಎಣ್ಣೆಗೆ ಎರಡು ಬೇರೆ ದಾರಿ. ಒಂದು ಸೋರಿದರೆ ಇನ್ನೊಂದು ಕಾಯುತ್ತದೆ. ಕಾಕಾನ ಡಾಜಿಗೆ ನಾಲ್ಕು ಗಾಲಿಗೂ ಸೇರಿ ಒಂದೇ ದಾರಿ. ಒಂದು ಗಾಲಿಯ ರಬ್ಬರ್ ಸೋರಿತೆಂದರೆ ಪೆಡಲ್ಲು ನೆಲಕ್ಕೆ ಹೋಗಿ ಕೂಡುತ್ತದೆ. ಅದಕ್ಕೇ ಹಿಂದಿನ ದಿನದ ಆ ಶವಾಸನ. ಪ್ರತಿ ಗಾಲಿಯ ಒಳಮೈಗೆ ಬೆರಳು ಹಚ್ಚಿ, ಮೂಸಿ, ಎಣ್ಣೆಯ ವಾಸನೆ ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೇ ಕಾಕಾಗೆ ರೊಟ್ಟಿ ಇಳಿಯುವುದು. ಆ ಕೈ ತೊಳೆದಿರುತ್ತಾರೋ ಇಲ್ಲವೋ ಎಂಬುದು ಅವರ ಹೆಂಡತಿ, ನಮ್ಮ ಕಾಕುನ ತಕರಾರು.

ಕಾಕಾ ಗಾಡಿ ಹೊಡೆಯುವ ಪದ್ಧತಿ ಸರಳ. ಬ್ರೇಕು ಇಲ್ಲವೇ ಇಲ್ಲ ಎಂದು ತಿಳಿದು ಹೊಡೆಯುವುದು. ಏರು ಯಾವ ಗೇರಿನಲ್ಲಿ ಹತ್ತಿದರೋ ಅದೇ ಗೇರಿನಲ್ಲಿ ಇಳಿಯುತ್ತಾರೆ. ನೀರು ದಾಟಿದರೆ ಡ್ರಮ್ಮು ಒಣಗಲಿ ಎಂದು ಪೆಡಲ್ಲನ್ನು ಮೆಲ್ಲಗೆ ಒತ್ತುತ್ತ ಅರ್ಧ ಫರ್ಲಾಂಗು ಸಾಗುತ್ತಾರೆ. ಮುಂದೆ ಎಮ್ಮೆ ಕಂಡರೆ, ಎಮ್ಮೆಗೆ ಇವರು ಕಾಣುವ ಮೊದಲೇ ಆಕ್ಸಿಲರೇಟರಿನಿಂದ ಕಾಲು ಎತ್ತಿರುತ್ತಾರೆ. ಪರಾತದಷ್ಟು ದೊಡ್ಡ ಸ್ಟೇರಿಂಗು. ನಾಲ್ಕು ಬೆರಳು ತಿರುವಿದ ಮೇಲೆ ಗಾಲಿಗೆ ಸುದ್ದಿ ಮುಟ್ಟುತ್ತದೆ. ಆರು ಏರ್‌ಬ್ಯಾಗಿನ ಕಾರಿನ ಹುಡುಗರು ಹಾರ್ನ್ ಬಾರಿಸಿ ಮುಂದೆ ಹೋದರೆ ಕಾಕಾ ಕೈ ಎತ್ತಿ ಹರಸುತ್ತಾರೆ: "ಹೋಗ್ರೆಪಾ, ನಿಮಗ ಚೀಲ ಅದಾವು."

ಹ್ಯಾಂಡ್ ಬ್ರೇಕಿನದು ಬೇರೆಯೇ ಕಥೆ. ಅದು ಗಾಲಿಗೆ ಹಿಡಿಯುವುದಿಲ್ಲ, ಗೇರ್ ಬಾಕ್ಸಿನ ಹಿಂದೆ ಶಾಫ್ಟಿಗೆ ಹಿಡಿಯುತ್ತದೆ. ಓಡುವಾಗ ಎಳೆಯುವಂತಿಲ್ಲ. ಹಿಂದಿನ ಒಂದು ಗಾಲಿ ಜಾಕಿನ ಮೇಲೆ ಎದ್ದಿತೋ, ಆ ಬ್ರೇಕು ಇದ್ದೂ ಇಲ್ಲದಂತೆ. ಆದ್ದರಿಂದ ಡಿಕ್ಕಿಯಲ್ಲಿ ಯಾವಾಗಲೂ ಎರಡು ಕಲ್ಲು. ಗಾಡಿ ನಿಂತ ಕೂಡಲೇ ಇಳಿದು ಗಾಲಿಗೆ ಕಲ್ಲು ಇಡುವ ಹುದ್ದೆ ಎಂಟನೇ ಇಯತ್ತೆಯಿಂದ ನನ್ನದು. ಕಲ್ಲೂ ಅವೇ. ಬೇರೆ ಕಲ್ಲು ಕಾಕಾಗೆ ಒಗ್ಗುವುದಿಲ್ಲ.

ಒಮ್ಮೆ ಎಡಗಡೆಯ ಮುಂದಿನ ಗಾಲಿ ಪಂಕ್ಚರ್ ಆಯಿತು. ಅಂಗಡಿಯ ಹುಡುಗ ಪಾನಾ ಹಚ್ಚಿ ತಿರುವಿದ, ಬೋಲ್ಟು ಬರಲಿಲ್ಲ. ಪಾನಾಕ್ಕೆ ಪೈಪು ಸಿಕ್ಕಿಸಿದ, ಬರಲಿಲ್ಲ. ಪೈಪಿನ ಮೇಲೆ ಹತ್ತಿ ನಿಂತ. ಕಾಕಾ ನೆರಳಲ್ಲಿ ಕೂತು ನೋಡುತ್ತಿದ್ದವರು, ಅವನು ಕುಣಿಯಲು ಶುರುಮಾಡಿದ ಮೇಲೆ ಎದ್ದು ಬಂದು, "ತಮ್ಮಾ, ನೀ ಬಿಗೀ ಮಾಡಾಕತ್ತೀಯಲ್ಲೋ" ಎಂದರು. ಈ ಗಾಡಿಯ ಎಡಗಡೆ ಬೋಲ್ಟುಗಳಿಗೆ ಉಲ್ಟಾ ಥ್ರೆಡ್ಡು. ಓಡುವಾಗ ತಾವಾಗಿ ಸಡಿಲಾಗದಿರಲಿ ಎಂದು ಕಂಪನಿಯವರು ಮಾಡಿದ ಉಪಾಯ. ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಆಮೇಲೆ ಕೇಳಿದೆ. "ಮೊದಲ ಹೇಳಿದ್ರ ನೆಪ್ಪಿರೂದಿಲ್ಲ" ಎಂದರು.

ಬೇಸಿಗೆಯಲ್ಲಿ ಇನ್ನೊಂದು ಸಂಕಟ. ಬಿಸಿಲಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಎಂಜಿನ್ನಿಗೆ ತಲುಪುವುದಿಲ್ಲ. ಆಗ ಪೆಟ್ರೋಲ್ ಪಂಪಿನ ಮೇಲೆ ಹಸಿ ಅರಿವೆ ಹಾಕಿ, ಜ್ವರದ ಕೂಸಿನ ಹಣೆ ಮುಟ್ಟಿದಂತೆ ಮುಟ್ಟಿ ಮುಟ್ಟಿ ನೋಡುತ್ತ ಕೂಡಬೇಕು. ಅದರ ಮೇಲೆ ಈಗ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್. ಅದು ಹಳೇ ರಬ್ಬರನ್ನು ಮೆತ್ತಗೆ ಮಾಡಿ ತಿನ್ನುತ್ತದೆ. ಆ ಎಥನಾಲ್ ಬರುವುದು ಕಬ್ಬಿನಿಂದಲೂ ಹೌದು, ಕಾಕಾನದು ನಾಲ್ಕು ಎಕರೆ ಕಬ್ಬು. ತಾನು ಕಳಿಸಿದ್ದೇ ತಿರುಗಿ ಬಂದು ತನ್ನ ಪೈಪು ಕಚ್ಚುತ್ತದೆಂದು ತಿಳಿದ ದಿನ ಕಾಕಾ ಮಾತಾಡಲಿಲ್ಲ. ಮರುವರ್ಷವೂ ಕಬ್ಬೇ ಹಚ್ಚಿದರು ಅನ್ನಿ.

ರಾತ್ರಿ ಮಾತ್ರ ಗಾಡಿ ತೆಗೆಯುವುದಿಲ್ಲ. ಆರು ವೋಲ್ಟಿನ ದೀಪ, ಕಂದೀಲಿಗಿಂತ ಒಂದು ಕೈ ಹೆಚ್ಚು ಅಷ್ಟೇ. ಕಬ್ಬಿನ ಕಾಲಕ್ಕೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ, ಮುಂದೆ ಹಾಡು ಹಚ್ಚಿಕೊಂಡು ಹೋಗುತ್ತವೆ. "ಹಾಡು ಕೇಳಿ ಬ್ರೇಕ್ ಹಾಕುವಷ್ಟು ಕಿವಿ ನನಗಿಲ್ಲ" ಎನ್ನುತ್ತಾರೆ.

ಮಗ ಪುಣೆಯಲ್ಲಿದ್ದಾನೆ. ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದ ಹೆಗ್ಗಡೆಯವರ 'ಪಯಣ' ಎಂಬ ಹಳೇ ಕಾರುಗಳ ಸಂಗ್ರಹಾಲಯ ಇದೆಯಲ್ಲ, ಅಲ್ಲಿಗೆ ಕೊಟ್ಟುಬಿಡೋಣ ಎಂದ. "ಅಲ್ಲಿ ಗಾಡಿ ನಿಂತಿರ್ತಾವ" ಎಂದರು ಕಾಕಾ. "ಇಲ್ಲಿ ಏನ್ ಓಡಾಕತ್ತಾವು?" ಎಂದದ್ದು ಕಾಕು.

2021ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿತು. 50 ವರ್ಷ ದಾಟಿದ, ರೂಪ ಕೆಡಿಸದ ಗಾಡಿಗೆ ವಿಂಟೇಜ್ ಪಟ್ಟ ಕೊಡಬಹುದು. ಆದರೆ ದಿನದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ದುರಸ್ತಿ, ಇಂಥವಕ್ಕಷ್ಟೇ ರಸ್ತೆ. ಬೇರೆಯವರಿಗೆ ಇದು ಬೇಡಿ. ಕಾಕಾಗೆ ಅಳತೆ ಕೊಟ್ಟು ಹೊಲಿಸಿದ ಅಂಗಿ. ಆ ಗಾಡಿ ದುರಸ್ತಿಗಲ್ಲದೆ ಹೊರಗೆ ಹೋದದ್ದು ಯಾವಾಗ!

ಹೋದ ಅಮಾಸಿಗೆ ಹೊಳೆ ದಾಟಿ ಅಫಜಲಪುರ ಕಡೆ ಹೊರಟೆವು. ಹಿಂದಿನ ಸೀಟಿನಲ್ಲಿ ಕಾಕು, ಡಿಕ್ಕಿಯಲ್ಲಿ ನನ್ನ ಕಲ್ಲು. ಸೇತುವೆ ದಾಟಿದ ಮೇಲೆ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. ಕಾಕಾ ಅದನ್ನು ದೂರದಿಂದಲೇ ಕಂಡು ನಿಧಾನ ಮಾಡಿದ್ದರಿಂದ ಅವರ ಮುಂದೆಯೇ ನಿಂತಿತು.

"ಎಲ್ಲಿಗ್ರೀ ಯಜಮಾನ್ರ?"

"ದುರಸ್ತಿಗೆ."

ಸಂಜೆ ವಾಪಸು ಬರುವಾಗಲೂ ಅವರೇ.

"ಈಗ ಎಲ್ಲಿಂದ್ರೀ?"

"ದುರಸ್ತಿಯಿಂದ."

ಅವರು ಬಗ್ಗಿ ಹಿಂದಿನ ಸೀಟು ನೋಡಿದರು. ಕಾಕುನ ಹಣೆ ತುಂಬ ಭಂಡಾರ, ಉಡಿಯಲ್ಲಿ ಒಡೆದ ಕಾಯಿ, ಘತ್ತರಗಿ ಭಾಗ್ಯವಂತಿಯ ಪ್ರಸಾದ.

"ಮತ್ತ ಇದೇನ್ರೀ ಯವ್ವಾ?"

ಕಾಕು ಒಂದು ಹೋಳು ಕಾಯಿ ಅವರ ಕೈಗಿಟ್ಟಳು. "ಬ್ರೇಕ್ ಹಿಡೀಲಿ ಅಂತ ಹರಕಿ ಹೊತ್ತಿದ್ದೆಪಾ. ಅದೂ ದುರಸ್ತೀನ."