ನಂದಿ ಬೆಟ್ಟದವರ ವರ್ಗಾವಣೆ ಕೋರಿ

ಗೆ,
ಶ್ರೀ ನಂದಿ ಬೆಟ್ಟದವರು,
ಚಿಕ್ಕಬಳ್ಳಾಪುರ ಜಿಲ್ಲೆ.

ವಿಷಯ: ತಮ್ಮನ್ನು ಬಸವನಗುಡಿಗೆ, ಸಾಧ್ಯವಾದರೆ ನಮ್ಮ ಮನೆಯ ಎದುರಿಗೇ, ವರ್ಗಾಯಿಸಿಕೊಳ್ಳುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನೊಬ್ಬ ರೋಡ್‌ಬೈಕ್ ಸವಾರ. ವಯಸ್ಸು ನಲವತ್ತಾರು. ಬರುವ ಡಿಸೆಂಬರಿನಲ್ಲಿ ಮಸಿನಗುಡಿಯಿಂದ ಊಟಿಗೆ, ಕಲ್ಹಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳನ್ನು ಸೈಕಲ್ಲಿನಲ್ಲೇ ಹತ್ತುತ್ತೇನೆಂದು ಆಫೀಸಿನಲ್ಲಿ, ಮದುವೆ ಮನೆಗಳಲ್ಲಿ, ಕೊನೆಗೆ ಹಲ್ಲಿನ ಡಾಕ್ಟರ ಹತ್ತಿರವೂ ಹೇಳಿಕೊಂಡುಬಿಟ್ಟಿದ್ದೇನೆ. ಈಗ ಹತ್ತಲೇಬೇಕು. ಅದಕ್ಕೆ ಅಭ್ಯಾಸ ಬೇಕು, ಅಭ್ಯಾಸಕ್ಕೆ ಏರು ಬೇಕು. ಬೆಂಗಳೂರಿನಲ್ಲಿ ಏರುವುದು ಮನೆ ಬಾಡಿಗೆಯೊಂದೇ.

ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ ಮನೆ ಮಾಡಿಕೊಂಡಿದ್ದೇವೆ. ಹತ್ತಲು ಮಾತ್ರ ಜಾಗವಿಲ್ಲ. ಹತ್ತುವ ಕೆಲಸವನ್ನೆಲ್ಲ ಹಿರಿಯರೇ ಮುಗಿಸಿಟ್ಟು ನಮಗೆ ಮಟ್ಟಸವಾದ ನೆಲ ಬಿಟ್ಟುಹೋದರು.

ಹುಡುಕಲಿಲ್ಲವೆಂದು ದಯವಿಟ್ಟು ಭಾವಿಸಬೇಡಿ. ಲಾಲ್‌ಬಾಗಿನ ಬಂಡೆ 300 ಕೋಟಿ ವರ್ಷ ಹಳೆಯದಂತೆ, ಆದರೆ 25 ಮಿಲಿಮೀಟರ್ ಟೈರಿಗೆ ಆಗಿಬರುವುದಲ್ಲ. ತುರಹಳ್ಳಿ ಕಾಡಿನಲ್ಲಿ ಮಣ್ಣಿನ ದಾರಿ. ಅದು ದಪ್ಪ ಚಕ್ರದವರ ಸಾಮ್ರಾಜ್ಯ. ಹನುಮಂತನಗರದ ರಾಮಾಂಜನೇಯ ಗುಡ್ಡದ ಬದಿಯ ರಸ್ತೆ ಕಡಿದಾಗಿದೆ ನಿಜ, ಆದರೆ ಉಸಿರು ಏರುವ ಮೊದಲೇ ಗುಡ್ಡ ಮುಗಿಯುತ್ತದೆ. ಉಳಿದದ್ದು ಫ್ಲೈಓವರ್. ಒಂದು ಭಾನುವಾರ ಬೆಳಗ್ಗೆ ಅದನ್ನೇ ಹತ್ತಿ ಇಳಿದು, ತಿರುಗಿ ಬಂದು ಮತ್ತೆ ಹತ್ತಿದೆ. ಆರನೇ ಸಲಕ್ಕೆ ಟ್ರಾಫಿಕ್ ಪೊಲೀಸರೊಬ್ಬರು ಕೈ ಅಡ್ಡ ಹಿಡಿದು, ‘ಏನ್ ಸರ್, ದಾರಿ ತಪ್ಪಿದ್ರಾ?’ ಎಂದು ಕನಿಕರದಿಂದ ಕೇಳಿದರು. ಹೌದೆಂದೆ. ಮನೆಯ ದಾರಿಯನ್ನೂ ಹೇಳಿಕೊಟ್ಟರು.

ಆದ್ದರಿಂದ ತಾವೇ ಗತಿ. ಸುಮಾರು 8 ಕಿಲೋಮೀಟರ್ ಏರು, ನಂಬರ್ ಹಾಕಿದ 40 ತಿರುವುಗಳು, 1,478 ಮೀಟರ್ ಎತ್ತರದ ನೆತ್ತಿ. ತಮ್ಮ ಸೇವಾ ಪುಸ್ತಕವನ್ನೂ ನೋಡಿದ್ದೇನೆ. ಟಿಪ್ಪು ಬೇಸಿಗೆ ಕಳೆಯಲು ಬಂದ. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದರು. ನಾನು ಬಂದಾಗಲೆಲ್ಲ ಇದ್ದ ಆರೋಗ್ಯವನ್ನೂ ಅಲ್ಲೇ ಬಿಟ್ಟು ಬರುತ್ತೇನೆ. 1986ರಲ್ಲಿ ಸಾರ್ಕ್ ದೇಶಗಳ ನಾಯಕರನ್ನೂ ಮೇಲಕ್ಕೆ ಕರೆಸಿಕೊಂಡವರು ತಾವು. ಅವರಲ್ಲಿ ಯಾರೂ ಪೆಡಲ್ ತುಳಿದು ಬರಲಿಲ್ಲ ಎಂಬುದನ್ನು ಮಾತ್ರ ಗಮನಕ್ಕೆ ತರಬಯಸುತ್ತೇನೆ.

ತೊಂದರೆ ಇರುವುದು ದೂರದ್ದು. ನಮ್ಮ ಮನೆಯಿಂದ ತಮ್ಮ ಪಾದಕ್ಕೆ ಅರವತ್ತು ಚಿಲ್ಲರೆ ಕಿಲೋಮೀಟರ್. ತುಳಿದೇ ಬಂದರೆ ಹತ್ತುವ ಹೊತ್ತಿಗೆ ಕಾಲಿನಲ್ಲಿ ಏನೂ ಉಳಿದಿರುವುದಿಲ್ಲ. ಹಾಗಾಗಿ ಕಾರಿನ ತಲೆಯ ಮೇಲೆ ಸೈಕಲ್ ಕಟ್ಟಿಕೊಂಡು ಬರುತ್ತೇನೆ. ಎಂಟು ಕಿಲೋಮೀಟರ್ ವ್ಯಾಯಾಮಕ್ಕೆ ಹೋಗಿ ಬರುವ ನೂರಿಪ್ಪತ್ತು ಕಿಲೋಮೀಟರ್ ಪೆಟ್ರೋಲ್. ನಾಲ್ಕು ಗಂಟೆಗೆ ಎದ್ದು ಬಂದರೂ ಸೂರ್ಯೋದಯದವರು ಆಗಲೇ ಸಾಲುಗಟ್ಟಿರುತ್ತಾರೆ. ಮುಂದೆ ಕಾರು, ಹಿಂದೆ ಕಾರು, ಮೂಗಿಗೆ ಸುಟ್ಟ ಕ್ಲಚ್ ಪ್ಲೇಟಿನ ವಾಸನೆ. ಕಿಟಕಿಯಿಂದ ಒಬ್ಬ ಹುಡುಗ ‘ಕಮಾನ್ ಅಂಕಲ್!’ ಎಂದು ಕೂಗುತ್ತಾನೆ. ಕೊನೆಯ ಹತ್ತು ತಿರುವುಗಳಲ್ಲಿ ತಾವು ನಿಜರೂಪ ತೋರಿಸುತ್ತೀರಿ. ಗೇರು ಮುಗಿಯುತ್ತದೆ. ಇನ್ನೊಂದು ಇದ್ದರೂ ಇರಬಹುದೆಂಬ ಆಸೆಯಿಂದ ಲಿವರನ್ನು ಮತ್ತೆ ಮತ್ತೆ ಒತ್ತುತ್ತೇನೆ. ದೂರದ ಬೆಟ್ಟ ನುಣ್ಣಗೆ ಎಂದವನು ಖಂಡಿತ ಕಾರಿನಲ್ಲಿ ಬಂದಿದ್ದ.

ಲೆಕ್ಕವನ್ನೂ ಹಾಕಿ ನೋಡಿದ್ದೇನೆ. ನಾನು, ಸೈಕಲ್ಲು, ಎರಡು ನೀರಿನ ಬಾಟಲಿ ಸೇರಿ 90 ಕಿಲೋ. ಅದನ್ನು 450 ಮೀಟರ್ ಮೇಲಕ್ಕೆ 40 ನಿಮಿಷದಲ್ಲಿ ಎತ್ತಲು ಬರೀ ಎತ್ತುವ ಕೆಲಸಕ್ಕೇ 165 ವ್ಯಾಟ್ ಬೇಕು. ಗಾಳಿ, ಟೈರಿನ ಉಜ್ಜಾಟಗಳ ಬಾಬ್ತು ಬೇರೆ. ಒಂದು ಕಿಲೋ ಇಳಿಸಿದರೆ ಉಳಿಯುವುದು ಅರ್ಧ ನಿಮಿಷಕ್ಕಿಂತ ಕಡಿಮೆ. ಈ ಜ್ಞಾನ ಬಂದದ್ದು ಅರ್ಧ ಕಿಲೋ ಹಗುರವಾದ ಕಾರ್ಬನ್ ಚಕ್ರಗಳನ್ನು ಇಪ್ಪತ್ತನಾಲ್ಕು ಕಂತುಗಳಲ್ಲಿ ಕೊಂಡ ಮೇಲೆ. ಹದಿಮೂರು ಸೆಕೆಂಡ್ ಉಳಿಯಿತು. ಇಳಿದು ಬಂದು ಎರಡು ಪ್ಲೇಟ್ ಇಡ್ಲಿ, ಒಂದು ಮಸಾಲೆ ದೋಸೆ ತಿಂದೆ. ಚಕ್ರ ಇಳಿಸಿದ್ದನ್ನು ಹೊಟ್ಟೆ ಮರಳಿ ಪಡೆಯಿತು.

ಅನುಭವಿ ಗೆಳೆಯನೊಬ್ಬ, ‘ಬೆಟ್ಟವೇ ಯಾಕೆ ಬೇಕು? ಹೊಸಕೋಟೆ ಕಡೆ ಎದುರುಗಾಳಿಯಲ್ಲಿ ಭಾರದ ಗೇರ್ ಹಾಕಿ ಹತ್ತು ನಿಮಿಷ ಬಿಡದೆ ತುಳಿ, ಸುಧಾರಿಸಿಕೊ, ಇನ್ನೆರಡು ಸಲ ತುಳಿ. ಬೆಟ್ಟಕ್ಕೆ ಬೇಕಾದ ಕಾಲು ಬಹುಪಾಲು ಅಲ್ಲೇ ಸಿಗುತ್ತೆ’ ಎಂದ. ಸರಿಯಾದ ಮಾತೇ. ಆದರೆ ಎದುರುಗಾಳಿಯ ಫೋಟೊ ತೆಗೆಯಲು ಬರುವುದಿಲ್ಲ, ಅದಕ್ಕೆ ತಿರುವಿನ ನಂಬರೂ ಇಲ್ಲ. ಅವನ ಜೊತೆ ಸದ್ಯ ಮಾತು ಬಿಟ್ಟಿದ್ದೇನೆ.

ತಮಗೆ ರೋಪ್‌ವೇ ಹಾಕುವ ಮಾತೂ ಕೇಳಿಬರುತ್ತಿದೆ. ಅದು ಬಂದರೆ ನನ್ನಂಥವರ ಸಂಕಲ್ಪ ಎಷ್ಟು ದಿನ ನಿಂತೀತೆಂದು ಹೇಳಲಾರೆ. ಆದಕಾರಣ ತುರ್ತಾಗಿ, ಆದರೆ ತಮ್ಮ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ, ಪೆನ್ನಾರ್, ಪಾಲಾರ್ ನದಿಗಳಿಗೆ ತೊಂದರೆಯಾಗದಂತೆ, ವರ್ಗಾವಣೆಗೆ ಒಪ್ಪಿಗೆ ಸೂಚಿಸಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಮೂವತ್ತೊಂದನೇ ತಿರುವಿನಲ್ಲಿ ಚೈನ್ ಬಿದ್ದಿದೆ ಎಂದು ಸುಳ್ಳು ಹೇಳಿ ಇಳಿದು ನಿಂತಿದ್ದವನು)

ಪ್ರತಿ: ಶ್ರೀ ಚಾಮುಂಡಿ ಬೆಟ್ಟದವರು, ಮೈಸೂರು. ಊರಿಗೆ ಅಂಟಿಕೊಂಡೇ ತಾವು ಇಷ್ಟು ಕಾಲ ಸೇವೆ ಸಲ್ಲಿಸಿದ್ದೀರಿ. ನಂದಿಯವರು ಒಪ್ಪದಿದ್ದಲ್ಲಿ, ರಾಮಾಂಜನೇಯ ಗುಡ್ಡದೊಂದಿಗೆ ಪರಸ್ಪರ ವರ್ಗಾವಣೆಗೆ ತಮ್ಮ ಆಕ್ಷೇಪಣೆ ಇದ್ದರೆ ಹದಿನೈದು ದಿನದೊಳಗೆ ತಿಳಿಸುವುದು.