ಮೂರನೆಯ ಉತ್ತರ

ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆಗೆ ಓದುವವರಿಗೆ ನನ್ನದೊಂದು ಸೂಚನೆ ಇದೆ. ಓದುವಷ್ಟು ದಿನ ಮನೆಯಿಂದ ಹೊರಗೆ ಬೀಳಬೇಡಿ. ಬಿದ್ದರೂ ರಸ್ತೆ ಕಡೆ ನೋಡಬೇಡಿ. ಮೊಬೈಲ್ ಆ್ಯಪಿನಲ್ಲಿ ಬೆಳಗಿನಿಂದ ಗಟ್ಟಿ ಮಾಡಿದ್ದೆಲ್ಲ ಗೋಪನಕೊಪ್ಪದಿಂದ ಕೇಶ್ವಾಪುರದ ಸರ್ವೋದಯ ಸರ್ಕಲ್ ಮುಟ್ಟುವುದರೊಳಗೆ ಸುಳ್ಳು ಅನ್ನಿಸಿಬಿಡುತ್ತದೆ.

ನಾವು ಗೋಪನಕೊಪ್ಪದಲ್ಲಿ ಮನೆ ಕಟ್ಟಿಸಿದಾಗ ಬೀಗರು ಬಂದವರು, "ಹೊಲದಾಗ ಬಂದು ಕುಂತೀರಲ್ರಿ" ಎಂದಿದ್ದರು. ಈಗ ಹುಬ್ಬಳ್ಳಿ ನಮ್ಮನ್ನೂ ದಾಟಿ ದೇವಾಂಗಪೇಟೆಯ ಕಡೆ ಹೊರಟಿದೆ. ಆದರೆ ದುರ್ಗದಬೈಲು ಇದ್ದಲ್ಲೇ ಇದೆ. ಬಸ್ಸಿಗೆ ಕಾಯ್ದು, ಆಟೋದವರ ಜೊತೆ ವಾದ ಮಾಡಿ, ಕಾಯಿಪಲ್ಲೆ ಚೀಲ ಹೊತ್ತು ಸಾಕಾಗಿ, ಐವತ್ತು ದಾಟಿದ ಮೇಲೆ ಮಗಳ ಹಳೆಯ ಸ್ಕೂಟಿಯ ಮೇಲೆ ಕಣ್ಣು ಹಾಕಿದೆ. ಅವಳು ಇಲ್ಲ ಎನ್ನಲಿಲ್ಲ. "ಲೈಸೆನ್ಸ್ ಬರೋಮಟಾ ಚಾವಿ ನನ್ನ ಕಡೇನ ಇರ್ತೈತಿ" ಎಂದಳು, ಅಷ್ಟೇ. ನಾನು ಅವಳಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯುವ ತನಕ ಟಿ.ವಿ. ರಿಮೋಟ್ ಬಚ್ಚಿಟ್ಟಿದ್ದೆ. ಅದರ ಲೆಕ್ಕ ಚುಕ್ತಾ ಆಯಿತು.

ಆ್ಯಪ್ ಇಳಿಸಿಕೊಟ್ಟವಳೂ ಅವಳೇ. ಭಾಷೆ ಕನ್ನಡ, ಪರೀಕ್ಷೆ ಅಣಕು. 15 ಪ್ರಶ್ನೆ, ಒಂದೊಂದಕ್ಕೆ ಮೂರು ಉತ್ತರ, ಮೇಲೆ 30 ಸೆಕೆಂಡಿನ ಗಡಿಯಾರ. ಚಾಳೀಸು ಏರಿಸಿ, ಪ್ರಶ್ನೆ ಓದಿ, ಇದು ಕೇಳುತ್ತಿರುವುದೇನು ಎಂದು ತಿಳಿದುಕೊಳ್ಳುವಷ್ಟರಲ್ಲಿ ಗಡಿಯಾರ ಕೆಂಪಾಗಿರುತ್ತದೆ. ನಡುನಡುವೆ ಜಾಹೀರಾತು. ಸಾಲ ಬೇಕೇ? ರಮ್ಮಿ ಆಡುವಿರಾ? ಅದನ್ನು ಮುಚ್ಚುವ ಗುಣಾಕಾರದ ಗುರುತು ಸಾಸಿವೆ ಕಾಳಿನಷ್ಟು. ಸಂಚಾರದ ಚಿಹ್ನೆ ಗುರುತಿಸುವ ಮೊದಲು ಆ ಗುರುತನ್ನು ಗುರಿಯಿಟ್ಟು ಒತ್ತುವ ವಿದ್ಯೆ ನನಗೆ ಬಂತು.

ಒಂದು ಪ್ರಶ್ನೆ ನೋಡಿ. ಪಾದಚಾರಿಗಳು ರಸ್ತೆ ದಾಟಲು ಝೀಬ್ರಾ ಪಟ್ಟಿಯ ಬಳಿ ಕಾಯುತ್ತಿದ್ದಾರೆ, ನೀವು ಏನು ಮಾಡುತ್ತೀರಿ? ಒಂದು, ಹಾರ್ನ್ ಮಾಡಿ ಮುಂದೆ ಹೋಗುವುದು. ಎರಡು, ನಿಧಾನ ಮಾಡಿ, ಹಾರ್ನ್ ಮಾಡಿ ಹೋಗುವುದು. ಮೂರು, ಗಾಡಿ ನಿಲ್ಲಿಸಿ ಅವರು ದಾಟುವವರೆಗೂ ಕಾಯ್ದು ಆಮೇಲೆ ಹೋಗುವುದು. ನಾನು ಪ್ರಾಮಾಣಿಕಳಾಗಿ, ನಿತ್ಯ ಕಂಡದ್ದನ್ನು ನೆನೆದು, ಒಂದನ್ನು ಒತ್ತಿದೆ. ಕೆಂಪು ಬಂತು. ಇಷ್ಟು ಕೆಟ್ಟದಾಗಿ ಇರಲಿಕ್ಕಿಲ್ಲ ಎಂದು ಎರಡನ್ನು ಒತ್ತಿದೆ. ಮತ್ತೆ ಕೆಂಪು.

ಮಗಳು ಗುಟ್ಟು ಹೇಳಿದಳು. "ಅವ್ವ, ಪ್ರಶ್ನೆ ಓದಬ್ಯಾಡ. ಉತ್ತರ ಅಷ್ಟ ಓದು. ಯಾವುದರಾಗ ಮನಷಾ ಭಾಳ ಸುಬಗ ಕಾಣತಾನೋ ಅದನ್ನ ಒತ್ತು." ಅವತ್ತಿನಿಂದ ನನ್ನ ಅಂಕ ಏರಿತು. ಕಿರಿದಾದ ಸೇತುವೆಗೆ ಎದುರಿನಿಂದ ಗಾಡಿ ಬರುತ್ತಿದೆಯೇ? ಅದು ದಾಟುವವರೆಗೆ ಕಾಯಬೇಕು. ರಾತ್ರಿ ಎದುರಿಗೆ ಗಾಡಿ ಬಂತೇ? ಹೆಡ್‌ಲೈಟ್ ಡಿಮ್ ಮಾಡಬೇಕು. ಹಿಂದಿನವನು ನಿಮ್ಮನ್ನು ದಾಟಲು ನೋಡುತ್ತಿದ್ದಾನೆಯೇ? ವೇಗ ಹೆಚ್ಚಿಸಬಾರದು, ಅಡ್ಡ ಬರಬಾರದು. ಆ್ಯಪಿನ ಊರಿನಲ್ಲಿ ಎಲ್ಲರೂ ನಿಲ್ಲುವವರೇ. ಅಷ್ಟು ಜನ ನಿಂತರೆ ಹೋಗುವವರು ಯಾರು ಎಂಬುದೇ ನನಗೆ ಚಿಂತೆ. ನಮ್ಮ ಚೆನ್ನಮ್ಮ ಸರ್ಕಲ್ಲಿನಲ್ಲಿ ಬಳಕೆಯಲ್ಲಿರುವ ನಾಲ್ಕನೆಯ ಉತ್ತರವೊಂದಿದೆ, ಅದು ಆ್ಯಪಿನಲ್ಲಿ ಬರುವುದೇ ಇಲ್ಲ: ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಮೊದಲು ಹೆದರಿದವರು ಬ್ರೇಕ್ ಹಾಕುವುದು.

ಚಿಹ್ನೆಗಳು ನನಗೆ ಬೇಗ ಬಂದವು. ತ್ರಿಕೋನ ಹೆದರಿಸುತ್ತದೆ, ವೃತ್ತ ಅಪ್ಪಣೆ ಮಾಡುತ್ತದೆ, ಚೌಕಟ್ಟು ಸುದ್ದಿ ಹೇಳುತ್ತದೆ. ಹೊರಗೆ ಹೋಗಿ ಗುರುತಿಸೋಣವೆಂದರೆ ಕಂಬದ ಮೇಲಿನ ತ್ರಿಕೋನಕ್ಕೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿತ್ತು. ಮುಂದೆ ತಿರುವು ಇದೆಯೋ ಶಾಲೆ ಇದೆಯೋ ತಿಳಿಯಲಿಲ್ಲ, ಅಣ್ಣನವರು ನೂರು ಕಾಲ ಬಾಳಬೇಕೆಂಬುದು ತಿಳಿಯಿತು.

ನಮ್ಮ ಮನೆಯವರದು ರೈಲ್ವೆ ವರ್ಕ್‌ಶಾಪಿನ ನಿವೃತ್ತಿ. 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇರುವ ಊರಿನವರಾದ್ದರಿಂದ ಎಲ್ಲ ವಿಷಯದಲ್ಲೂ ಉದ್ದ ಮಾತು. ಅವರ ಕಾಲದಲ್ಲಿ ಇನ್‌ಸ್ಪೆಕ್ಟರು ಚಿಹ್ನೆಯ ಹಲಗೆಗೆ ಕೋಲು ಮುಟ್ಟಿಸಿ ಬಾಯಿಂದ ಕೇಳುತ್ತಿದ್ದರಂತೆ. ಅಂಥವರ ಎದುರಿಗೆ ಕಾವಲಿಲ್ಲದ ರೈಲ್ವೆ ಗೇಟಿನ ಪ್ರಶ್ನೆ ಬಂತು. ಸರಿಯುತ್ತರ: ಗಾಡಿಯನ್ನು ರಸ್ತೆಯ ಎಡಕ್ಕೆ ನಿಲ್ಲಿಸಿ, ಕೆಳಗಿಳಿದು, ಹಳಿಯವರೆಗೆ ನಡೆದುಹೋಗಿ, ಎರಡೂ ಕಡೆಯಿಂದ ರೈಲಾಗಲಿ ಟ್ರಾಲಿಯಾಗಲಿ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು.

"ಇದು ಸುಳ್ಳ ಐತಿ" ಎಂದರು ಅವರು. "ಬ್ರಾಡ್‌ಗೇಜಿನ್ಯಾಗ ಕಾವಲಿಲ್ಲದ ಗೇಟ್ ಈಗ ಎಲ್ಲೈತಿ? 2019ರ ಜನವರಿಯೊಳಗ ಎಲ್ಲಾ ತಗದಾರ. ಇಲ್ಲದ ಗೇಟಿನ ಮುಂದ ಇಳದು ಏನ್ ನೋಡತಿ?"

"ಪರೀಕ್ಷಾದಾಗ ಕೇಳತಾರ್ರಿ."

"ಗೇಟ್ ಇಲ್ಲ ಅಂತ ಬರದು ಬಾ."

ಅವರ ಮಾತು ನಿಜ. ಆದರೆ ಗೇಟ್ ಇಲ್ಲ ಎಂಬ ನಾಲ್ಕನೆಯ ಉತ್ತರಕ್ಕೆ ಜಾಗ ಇಲ್ಲ. ಇಲ್ಲದ ಗೇಟಿನ ಮುಂದೆ ಇಳಿಯುವುದನ್ನೇ ಗಟ್ಟಿ ಮಾಡಿದೆ.

ದನಕರುಗಳ ಪ್ರಶ್ನೆ ಮಾತ್ರ ನಮ್ಮ ಓಣಿಗೆಂದೇ ಬರೆದ ಹಾಗಿತ್ತು. ಪ್ರಾಣಿಯನ್ನು ಹೊಡೆದುಕೊಂಡು ಹೋಗುವವರು, ಅದು ಬೆದರೀತು ಎಂದು ಗಾಡಿ ನಿಲ್ಲಿಸಲು ಕೇಳಿದರೆ ಚಾಲಕ ನಿಲ್ಲಿಸಬೇಕು. ನಮ್ಮಲ್ಲಿ ಸಂಜೆ ಎಮ್ಮೆಗಳು ಮರಳುವ ಹೊತ್ತಿಗೆ ಯಾರೂ ಕೇಳುವ ಅವಶ್ಯಕತೆ ಬೀಳುವುದಿಲ್ಲ. ರಸ್ತೆ ಎಮ್ಮೆಗಳದ್ದೇ ಆಗಿರುತ್ತದೆ. ಧಾರವಾಡಿ ಎಮ್ಮೆ ಸರಕಾರ ಮಾನ್ಯ ಮಾಡಿದ ತಳಿ, ಪೇಡೆಯ ಹಾಲಿನ ಮೂಲ. ಅದಕ್ಕೆ ಆ ಗತ್ತು ಇರಬೇಕಾದದ್ದೇ. ಕಾಯಿಸುವ ಅಜ್ಜನಿಗೆ ಕಾನೂನು ಹೇಳಿದೆ: "ಅಜ್ಜಾರ, ಎಮ್ಮಿ ಬೆದರತಾವು ಅಂತ ನೀವು ಕೈ ಮಾಡಿದ್ರ ಗಾಡಿಯವರು ನಿಲ್ಲಬೇಕಂತ್ರಿ." ಅಜ್ಜ ಎಲೆಯಡಿಕೆ ಒಂದು ಕಡೆ ಸರಿಸಿ, "ಎಮ್ಮಿ ಯಾಕ ಬೆದರತಾವ ಬೇ? ಬೆದರೋರು ಅವರು" ಎಂದ.

ಧೈರ್ಯ ಕುಂದಿದಾಗ ನಾನು ದಕ್ಷಿಣ ಕೊರಿಯಾದ ಚಾ ಸಾ-ಸೂನ್ ಅವರನ್ನು ನೆನೆಯುತ್ತಿದ್ದೆ. ತರಕಾರಿ ಮಾರುತ್ತಿದ್ದ ಈ ಮುದುಕಿ 2005ರಿಂದ ಬರೆಯುತ್ತ ಬಂದು 2009ರಲ್ಲಿ, 950ನೆಯ ಸಲ, ಲಿಖಿತ ಪರೀಕ್ಷೆ ಪಾಸಾದರು. ಬೇಕಾದದ್ದು ನೂರಕ್ಕೆ 60, ಬಂದದ್ದೂ ಸರಿಯಾಗಿ 60. ಮರುವರ್ಷ ಲೈಸೆನ್ಸು ಕೈಗೆ ಬಂತು, ಹ್ಯುಂಡೈ ಕಂಪನಿ ಕಾರನ್ನೇ ಉಡುಗೊರೆ ಕೊಟ್ಟಿತು. ನನಗೆ ಕಾರು ಯಾರೂ ಕೊಡುವುದು ಬೇಡ, ಮಗಳು ಚಾವಿ ಕೊಟ್ಟರೆ ಸಾಕಿತ್ತು.

ಓದುತ್ತ ಓದುತ್ತ ಬೇರೆಯದೇ ಒಂದು ತಾಪತ್ರಯ ಸುರುವಾಯಿತು. ಜೀವನವಿಡೀ ನಾನು ನಡೆದು ಹೋದವಳು. ಹಾರ್ನ್ ಕೇಳಿದರೆ ಗಟಾರದ ಅಂಚಿಗೆ ಸರಿದು, "ಹೋಗ್ರಪಾ" ಎಂದು ದಾರಿ ಬಿಟ್ಟವಳು. ನಿಲ್ಲಬೇಕಾದದ್ದು ಅವರು ಎಂದು ಯಾರೂ ಹೇಳಿರಲಿಲ್ಲ. ಪ್ರಶ್ನೆ ಬ್ಯಾಂಕು ಹೇಳುತ್ತದೆ, 2017ರ ಚಾಲನಾ ನಿಯಮಾವಳಿಯೂ ಹೇಳುತ್ತದೆ. ಚಾಲಕಿಯಾಗಲು ಕುಳಿತವಳು ಹೀಗೆ ಹಕ್ಕು ಕೇಳುವ ಪಾದಚಾರಿಯಾಗಿಬಿಟ್ಟೆ. ಕೋರ್ಟ್ ಸರ್ಕಲ್ಲಿನ ಹತ್ತಿರ ಅಳಿದುಳಿದ ಬಿಳಿ ಪಟ್ಟಿಯ ಮೇಲೆ ಕಾಲಿಟ್ಟು, ಮೂರನೆಯ ಉತ್ತರಕ್ಕಾಗಿ ಕಾಯ್ದೆ. ಬೈಕಿನವನೊಬ್ಬ ಒಂದನೆಯ ಉತ್ತರ ಕೊಟ್ಟು ಹೋದ. ಹಿಂದಿನ ಟೆಂಪೋದವರು ನಿಲ್ಲಿಸಿದರು. ಕಾನೂನಿಗಾಗಿ ಅಲ್ಲ, "ಯಾಕ್ರಿ ಅಕ್ಕಾರ, ಆರಾಮ ಅದೀರಿಲ್ಲೊ?" ಎಂದು ಕೇಳಲಿಕ್ಕೆ.

ಕಲಿಕಾ ಲೈಸೆನ್ಸಿನ ಪರೀಕ್ಷೆಯನ್ನು ಆಧಾರ್ ಇದ್ದವರು ಸಾರಥಿ ಜಾಲತಾಣದಲ್ಲಿ ಮನೆಯಿಂದಲೇ ಬರೆಯಬಹುದು. ನನ್ನ ಆಧಾರಿಗೆ ಜೋಡಿಸಿದ್ದು ಎಂದೋ ಬಿಟ್ಟ ನಂಬರು, ಒಟಿಪಿ ಯಾರ ಮನೆಗೆ ಹೋಯಿತೋ. ಹೀಗಾಗಿ ನಲವತ್ತು ದಾಟಿದವರಿಗೆ ಬೇಕಾದ ಫಾರ್ಮ್ 1ಎ ಮೇಲೆ ಡಾಕ್ಟರರ ಸಹಿ ಮಾಡಿಸಿಕೊಂಡು ಕಚೇರಿಗೇ ಹೋಗಿ ಕಂಪ್ಯೂಟರಿನ ಮುಂದೆ ಕುಳಿತೆ. ಪಕ್ಕದ ಹುಡುಗ ನಾನು ಚಾಳೀಸು ಒರೆಸಿಕೊಳ್ಳುವುದರೊಳಗೆ ಮುಗಿಸಿ ಎದ್ದ. ನಾನು ಸುಬಗರನ್ನು ಹುಡುಕಿ ಹುಡುಕಿ ಒತ್ತಿದೆ. ಪಾಸಾದೆ. ಗಾಡಿ ಹೊಡೆಯಲು ಬರುತ್ತದೋ ಇಲ್ಲವೋ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಈ ಕಲಿಕಾ ಲೈಸೆನ್ಸಿಗೆ ಆರು ತಿಂಗಳ ಆಯುಷ್ಯ. 30 ದಿನ ಕಳೆದ ಮೇಲೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆ. ಅಲ್ಲಿಯವರೆಗೆ ಬಿಳಿ ಹಲಗೆಯ ಮೇಲೆ 10 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಕೆಂಪು ‘ಎಲ್’ ಇರಬೇಕು, ಹಿಂದೆ ಲೈಸೆನ್ಸು ಇದ್ದ ಗುರುಗಳು ಕುಳಿತಿರಬೇಕು. ನನ್ನ ಗುರು ಮಗಳೇ. ಗೋಪನಕೊಪ್ಪದ ರಸ್ತೆಯಲ್ಲಿ ಸಂಜೆ ಕೆಎ 63ರ ಅಂಥದೊಂದು ಸ್ಕೂಟಿ ನಿಮಗೆ ಕಂಡರೆ ದಯವಿಟ್ಟು ಬಲಗಡೆಯಿಂದ ದಾಟಿ ಹೋಗಿರಿ, ಎಡಕ್ಕೆ ನುಗ್ಗಬೇಡಿ. ಹಾರ್ನನ್ನೂ ಹೊಡೆಯಬೇಡಿ. ಹಿಂದೆ ಕುಳಿತವಳು ಒಂದೇ ಸಮನೆ ಹೊಡೆಯುತ್ತಿರುತ್ತಾಳೆ, ಅಷ್ಟು ಸಾಕು.