ಎರಡು ನಕ್ಷತ್ರ, ಒಂದು ಪಟ್ಟಿ

ನಮ್ಮ ಪಕ್ಕದ ಮನೆಯ ಸುಬೇದಾರ್ ಸಾಹೇಬರು ಕುರುಗೋಡಿನವರು. ಪಿಂಚಣಿ ಬಂದ ಮೇಲೆ ಬಳ್ಳಾರಿಯಲ್ಲಿ ಮನೆ ಕಟ್ಟಿದರು. ಕಾಂಪೌಂಡು ಸೊಂಟದೆತ್ತರ, ಹರಟೆಗೆ ಅಷ್ಟು ಸಾಕು. ಮೊನ್ನೆ ಸಿರುಗುಪ್ಪದಿಂದ ಅವರ ತಂಗಿಯ ಮಗ ಬಂದಿದ್ದ. 23ರ ಹುಡುಗ, ಹೊಸ ಲೆಫ್ಟಿನೆಂಟು. ಬಂದವನೇ ಮಾವನ ಕಾಲಿಗೆ ಬಿದ್ದ.

“ಇಲ್ಲಿ ಅವನು ಕಾಲಿಗೆ ಬೀಳ್ತಾನ. ಪಲ್ಟನ್‌ನಾಗ ಆಗಿದ್ರ ನಾನು ಸೆಲ್ಯೂಟ್ ಹೊಡೀಬೇಕಿತ್ತು ನೋಡ್ರಿ” ಎಂದು ನಕ್ಕರು. ಇಬ್ಬರ ಭುಜದ ಮೇಲೂ ಎರಡೆರಡು ನಕ್ಷತ್ರ. ಸುಬೇದಾರನದಕ್ಕೆ ಜೊತೆಗೊಂದು ಬಣ್ಣದ ಪಟ್ಟಿ. ಆ ಪಟ್ಟಿ ಏರಲು ಇಪ್ಪತ್ತು ವರ್ಷ ಮೀರಿ ಬೆವರು ಸುರಿಸಬೇಕು.

ಬ್ರಿಟಿಷ್ ಸಾಹೇಬರಿಗೆ ನಮ್ಮ ಸಿಪಾಯಿಗಳ ಮಾತು, ಹಬ್ಬ, ಮುನಿಸು ತಿಳಿಯುತ್ತಿರಲಿಲ್ಲ. ನಡುವೆ ಸೇತುವೆಯಾಗಲಿ ಎಂದು ಹುಟ್ಟಿದ ದರ್ಜೆ ಇದು. ಸಾಹೇಬರು ಹೋದರು, ಸೇತುವೆ ಉಳಿಯಿತು. ಈಗಲೂ ಆಫೀಸರು ಇವರನ್ನು ‘ಸುಬೇದಾರ್ ಸಾಬ್’ ಎಂದೇ ಕರೆಯಬೇಕು.

“ಹುಡುಗ ಆಫೀಸರ್ ತಪ್ಪು ಹುಕುಂ ಕೊಟ್ರೆ?”

“ಜವಾನರ ಮುಂದ ತಪ್ಪು ಹಿಡೀಬಾರದು. ಸಂಜಿಗೆ ಚಹಾ ಕುಡಿಯೋವಾಗ, ‘ಸಾಬ್, ಹಿಂದಕ್ಕ ನಾವು ಹಿಂಗ ಮಾಡಿದ್ವಿ’ ಅನ್ನಬೇಕು. ಮುಂಜಾನೆ ಅದೇ ಮಾತು ಅವನ ಹುಕುಂ ಆಗಿ ಬರ್ತೈತಿ.”

“ಅಂದ್ರೆ ನಿಜವಾದ ಆಫೀಸರು ನೀವೇ ಅನ್ನಿ!”

ಅವರು ನಗಲಿಲ್ಲ. “ಇಲ್ರಿ. ಗದ್ದಿಗೆ ನೀರು ಕಟ್ಟೋದು ಆಳಿಗೆ ಗೊತ್ತಿರ್ತೈತಿ. ಬೆಳಿ ಹೋದ್ರ ಸಾಲ ಯಾರ ತಲಿ ಮ್ಯಾಲೆ? ಹೆಚ್ಚುಕಮ್ಮಿ ಆದ್ರ ಕಮಾಂಡಿಂಗ್ ಆಫೀಸರ್ ಮುಂದ ನಿಲ್ಲೋನು ಆ ಹುಡುಗನ. ಸೆಲ್ಯೂಟು ಅದಕ್ಕ.”

ನನಗೆ ಊರಿನ ಹಳೇ ಕತೆ ನೆನಪಾಯಿತು. ಹೈದರಾಲಿ ಫ್ರೆಂಚ್ ಇಂಜಿನಿಯರನಿಂದ ನಮ್ಮ ಕೋಟೆ ಗಟ್ಟಿ ಮಾಡಿಸಿದನಂತೆ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡವೇ ಎತ್ತರ! ಇಂಜಿನಿಯರನಿಗೆ ಗಲ್ಲಾಯಿತಂತೆ.

“ಕಲ್ಲು ಹೊರೋ ಮಂದಿಗೆ ಮೊದಲ ಗೊತ್ತಿದ್ದಿರಬೇಕು” ಎಂದರು ಸುಬೇದಾರರು. “ಅವನು ಕೇಳಲಿಲ್ಲ. ಇವರು ಹೇಳಲಿಲ್ಲ.”

ಒಳಗಿನಿಂದ ಹುಡುಗ ಬೂಟು ಕಟ್ಟಿಕೊಂಡು ಬಂದ. ಇಬ್ಬರೂ ಹೊರಟರು.

“ಕೋಟೆ ತೋರಿಸೋಕಾ?” ಎಂದೆ.

“ಕೋಟಿ ಆಮೇಲೆ. ಮೊದಲು ಕುಂಬಾರ ಗುಡ್ಡದ ಕಡಿ ಹೋಗಿ ಬರ್ತೀವಿ” ಎಂದರು.